ಮಲಗಿಸಲೂ ಬೇಡಿ, ಓಡಿಸಲೂ ಬೇಡಿ

ಕೊಳ್ಳೇಗಾಲದಿಂದ ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಕೌದಳ್ಳಿ ಸಿಗುತ್ತದೆ. ಅಲ್ಲಿನ ಶಾಲೆಯೊಂದರ ಮೈದಾನದ ಅಂಚಿನಲ್ಲಿ ನಡೆಯಬಹುದಾದ ಮಾತುಕತೆ ಇದು. ಒಬ್ಬರು ದೈಹಿಕ ಶಿಕ್ಷಣದ ಮೇಷ್ಟ್ರು. ಇನ್ನೊಬ್ಬಳು ಅವರ ಹಳೆಯ ಶಿಷ್ಯೆ, ಈಗ ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್.

ಮೇಷ್ಟ್ರು: ಬಾರವ್ವ, ಒಳ್ಳೆ ಹೊತ್ತಿಗೇ ಬಂದೆ. ನಮ್ಮ ಕಬಡ್ಡಿ ಟೀಮಿನ ರೈಡರ್ ಒಬ್ಬ ಮನೇಲಿ ಮಲಗಿಬಿಟ್ಟವ್ನೆ. ಪ್ರಾಕ್ಟೀಸಲ್ಲಿ ಇಬ್ಬರು ಸೇರಿ ಎತ್ತಿ ಕೆಡವಿದ್ರು, ತಲೆ ನೆಲಕ್ಕೆ ಬಡೀತು. ಒಂದು ಗಳಿಗೆ ಮಂಕಾದ. ಆಮೇಲೆ ಎದ್ದು, ಅದೇ ರೈಡಿನ ಸ್ಕೋರು ಮೂರು ಸಲ ಕೇಳ್ದ. ಆಸ್ಪತ್ರೆಗೆ ಕರ್ಕೊಂಡು ಹೋದೋ. ಸ್ಕ್ಯಾನು ಮಾಡಿ ಏನೂ ಇಲ್ಲ ಅಂದ್ರು. ಏನೂ ಇಲ್ಲ ಅಂದಮೇಲೆ ಇನ್ನೂ ಯಾಕೆ ತಲೆನೋವು, ತಲೆಸುತ್ತು ಅಂತಾನೆ? ಅವನ ಅಜ್ಜಿ ಕಿಟಕಿಗೆ ಕಂಬಳಿ ಕಟ್ಟಿ, ನೆತ್ತಿಗೆ ಹರಳೆಣ್ಣೆ ಮೆತ್ತಿ ಮಲಗಿಸವ್ಳೆ. ಹೋಬಳಿ ಮಟ್ಟದ ಆಟ ಹತ್ರ ಬಂತು.

ಶಿಷ್ಯೆ: ಎಷ್ಟು ದಿನ ಆಯ್ತು ಸಾರ್?

ಮೇಷ್ಟ್ರು: ವಾರದ ಮೇಲಾಯ್ತು.

ಶಿಷ್ಯೆ: ಮೊದಲು ಒಂದು ವಿಷಯ ಕೇಳಿಬಿಡ್ತೀನಿ. ಪದೇಪದೇ ವಾಂತಿ, ದಿನದಿಂದ ದಿನಕ್ಕೆ ಏರ್ತಾ ಹೋಗೋ ತಲೆನೋವು, ಫಿಟ್ಸ್, ಕೈಕಾಲು ಸೋಲೋದು, ಮಾತು ತೊದಲೋದು, ಎಬ್ಬಿಸಿದರೂ ಏಳದಂಥ ಮಂಪರು, ಕಿವಿ ಮೂಗಿನಿಂದ ರಕ್ತವೋ ನೀರೋ ಸೋರೋದು, ಇದರಲ್ಲಿ ಒಂದಾದರೂ ಇದೆಯಾ?

ಮೇಷ್ಟ್ರು: ಅದ್ಯಾವುದೂ ಇಲ್ಲ. ಇದ್ದಿದ್ರೆ ಅವತ್ತೇ 108ಕ್ಕೆ ಫೋನ್ ಮಾಡ್ತಿದ್ದೆ.

ಶಿಷ್ಯೆ: ಸರಿ. ಇದ್ದಿದ್ದರೆ ನಮ್ಮ ಈ ಮಾತೆಲ್ಲ ಕಟ್ಟಿಟ್ಟು ನೇರ ದೊಡ್ಡಾಸ್ಪತ್ರೆಗೆ ಓಡಬೇಕಿತ್ತು. ಇಲ್ಲ ಅಂದಮೇಲೆ ಇದು ಕನ್ಕಷನ್. ಸ್ಕ್ಯಾನಿನಲ್ಲಿ ಏನೂ ಕಾಣದೇ ಇರೋದೇ ಅದರ ಗುಣ. ಸಿ.ಟಿ. ಸ್ಕ್ಯಾನ್ ರಕ್ತಸ್ರಾವ ತೋರಿಸುತ್ತೆ, ಮೂಳೆ ಬಿರಿದದ್ದು ತೋರಿಸುತ್ತೆ. ಮೆದುಳು ಕೆಲಸ ಮಾಡೋ ರೀತಿ ಏರುಪೇರಾದರೆ ಅದು ಚಿತ್ರದಲ್ಲಿ ಬರಲ್ಲ. ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಷನ್ ಅಂತ ಬಹಳ ಜನ ತಿಳಿದಿದ್ದಾರೆ. ನಿಜಕ್ಕೂ ಹತ್ತರಲ್ಲಿ ಒಂಬತ್ತು ಜನಕ್ಕೆ ಪ್ರಜ್ಞೆ ತಪ್ಪೋದೇ ಇಲ್ಲ. ಹುಡುಗ ಮೂರು ಸಲ ಸ್ಕೋರು ಕೇಳಿದ ಅಂದ್ರಲ್ಲ, ಅದೇ ಸಾಕ್ಷಿ.

ಮೇಷ್ಟ್ರು: ಒಳಗೆ ಆಗಿರೋದಾದ್ರೂ ಏನು?

ಶಿಷ್ಯೆ: ತಲೆ ಜೋರಾಗಿ ಅಲ್ಲಾಡಿದಾಗ ಮೆದುಳಿನ ಜೀವಕೋಶದ ಒಳಗಿನ ಪೊಟ್ಯಾಷಿಯಂ ಹೊರಕ್ಕೆ ಬರುತ್ತೆ, ಹೊರಗಿನ ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತೆ. ಅವನ್ನ ಮತ್ತೆ ಅವುಗಳ ಜಾಗಕ್ಕೆ ತಳ್ಳೋಕೆ ಜೀವಕೋಶಕ್ಕೆ ವಿಪರೀತ ಗ್ಲೂಕೋಸ್ ಬೇಕು. ಅದೇ ಹೊತ್ತಿಗೆ ಮೆದುಳಿಗೆ ಹೋಗೋ ರಕ್ತ ಕಡಿಮೆಯಾಗಿರುತ್ತೆ. ಖರ್ಚು ಏರಿದೆ, ಆದಾಯ ಇಳಿದಿದೆ. ಕ್ಯಾಲಿಫೋರ್ನಿಯಾದ ಗೀಝಾ, ಹೋವ್ಡಾ ಅನ್ನೋ ಇಬ್ಬರು 2001ರಲ್ಲಿ ಇದನ್ನ ಕ್ರಮವಾಗಿ ಬರೆದಿಟ್ಟರು. ನಿಮ್ಮ ಬೋರ್‌ವೆಲ್ ಮೋಟ್ರು ನೋಡಿ ಸಾರ್. ವೋಲ್ಟೇಜ್ ಇಲ್ಲದಾಗ ಓಡಿಸಿದರೆ ಕಾಯಿಲು ಸುಡುತ್ತೆ. ಸುಟ್ಟೀತು ಅಂತ ಹೆದರಿ ತಿಂಗಳುಗಟ್ಟಲೆ ಹಾಕದೇ ಬಿಟ್ಟರೆ ಜಾಮ್ ಆಗಿ ಕೂರುತ್ತೆ. ನೀವು ಅವನನ್ನ ಹೋಬಳಿ ಆಟಕ್ಕೆ ಇಳಿಸಿದರೆ ಮೊದಲನೇ ತಪ್ಪು. ಅಜ್ಜಿ ಮಾಡ್ತಿರೋದು ಎರಡನೇದು.

ಮೇಷ್ಟ್ರು: ಅಜ್ಜಿಯನ್ನ ಬಯ್ಯೋಕೆ ಆಗಲ್ಲ ಕಣವ್ವ. ಹಿಂದೆ ಡಾಕ್ಟರುಗಳೇ ಹಂಗೆ ಹೇಳ್ತಿದ್ರು. ತಲೆಗೆ ಏಟು ಬಿದ್ರೆ ಬೆಳಕು ಬೇಡ, ಸದ್ದು ಬೇಡ, ಓದು ಬೇಡ, ಮಲಗಿರಲಿ.

ಶಿಷ್ಯೆ: ನಿಜ. ಸುಮಾರು ಹತ್ತು ಹದಿನೈದು ವರ್ಷದ ಹಿಂದಿನವರೆಗೂ ದೊಡ್ಡ ದೊಡ್ಡ ದೇಶಗಳಲ್ಲೂ ಅದೇ ಮಾತು. ಲಕ್ಷಣ ಪೂರ್ತಿ ಹೋಗೋವರೆಗೂ ಅಲ್ಲಾಡಬೇಡ ಅನ್ನೋರು. ಅದನ್ನ ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದು ಬಹಳ ಕಡಿಮೆ, ಅಷ್ಟೆ. ಅಮೆರಿಕದ ಮಿಲ್ವಾಕಿಯಲ್ಲಿ ಮಾಡಿ ನೋಡಿದರು. 11ರಿಂದ 22 ವರ್ಷದ 88 ಜನರನ್ನ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ದಿನ ಕಟ್ಟುನಿಟ್ಟಿನ ವಿಶ್ರಾಂತಿ. ಇನ್ನೊಂದಕ್ಕೆ ಒಂದೆರಡು ದಿನ ವಿಶ್ರಾಂತಿ, ಆಮೇಲೆ ಮೆಲ್ಲಗೆ ದಿನಚರಿಗೆ ವಾಪಸ್ಸು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ಐದು ದಿನ ಮಲಗಿದವರೇ ಹೆಚ್ಚು ನರಳಿದ್ದರು, ನಿಧಾನವಾಗಿ ಚೇತರಿಸಿಕೊಂಡಿದ್ದರು.

ಮೇಷ್ಟ್ರು: ಮಲಗಿದ್ದಕ್ಕೇ ನೋವು ಜಾಸ್ತಿ ಆಯ್ತಾ?

ಶಿಷ್ಯೆ: ಹದಿನಾಲ್ಕು ವರ್ಷದ ಹುಡುಗನನ್ನ ಕತ್ತಲಲ್ಲಿ ಹಾಕಿ, ಗೆಳೆಯರನ್ನ ದೂರ ಮಾಡಿ, ಹಗಲೂ ರಾತ್ರಿ ತನ್ನ ತಲೆಯನ್ನೇ ಗಮನಿಸ್ತಾ ಇರು ಅಂದರೆ ಇನ್ನೇನಾಗುತ್ತೆ? ಹಗಲು ನಿದ್ದೆ ಮಾಡ್ತಾನೆ, ರಾತ್ರಿ ನಿದ್ದೆ ಬರಲ್ಲ. ಮನಸ್ಸು ಕುಗ್ಗುತ್ತೆ. ಮೈ ಕಸುವು ಇಳಿಯುತ್ತೆ. ಎದ್ದು ನಿಂತರೆ ಎದೆ ಡವಡವ, ತಲೆಸುತ್ತು. ಮನೆಯವರು ಇದನ್ನೂ ಪೆಟ್ಟಿನ ಲೆಕ್ಕಕ್ಕೇ ಸೇರಿಸಿ ಇನ್ನಷ್ಟು ದಿನ ಮಲಗಿಸ್ತಾರೆ. ಅಂದ ಹಾಗೆ, ಆ ಕತ್ತಲೆ ಕೋಣೆಯಲ್ಲಿ ಮೊಬೈಲ್ ಇದೆಯಾ?

ಮೇಷ್ಟ್ರು: ಮತ್ತೆ? ಬೇಜಾರು ಕಳೀಲಿ ಅಂತ ಅವರಪ್ಪನೇ ಕೊಟ್ಟವ್ನೆ. ಕಂಬಳಿಯೊಳಗೆ ರೀಲ್ಸು.

ಶಿಷ್ಯೆ: ನೋಡಿ! ಕಿಟಕಿಯ ಬೆಳಕು ಬೇಡ, ಮೊಬೈಲಿನ ಬೆಳಕು ಆಗಬಹುದು. ಮ್ಯಾಸಚೂಸೆಟ್ಸ್‌ನಲ್ಲಿ 12ರಿಂದ 25 ವರ್ಷದ 125 ಜನರ ಮೇಲೆ ಇದನ್ನೂ ಪರೀಕ್ಷಿಸಿದರು, 2021ರಲ್ಲಿ ಪ್ರಕಟವಾಯಿತು. ಮೊದಲ ಎರಡು ದಿನ ಪರದೆ ನೋಡದವರಲ್ಲಿ ಅರ್ಧದಷ್ಟು ಜನ ಮೂರೂವರೆ ದಿನದೊಳಗೆ ಸುಧಾರಿಸಿದರು. ನೋಡಿದವರಲ್ಲಿ ಅರ್ಧದಷ್ಟು ಜನ ಆ ಮಟ್ಟಕ್ಕೆ ಬರೋಕೆ ಎಂಟು ದಿನ ಬೇಕಾಯಿತು. ಅಜ್ಜಿ ಮುಚ್ಚಬೇಕಾದದ್ದು ಕಿಟಕಿಯನ್ನಲ್ಲ.

ಮೇಷ್ಟ್ರು: ಸರಿ, ಮಲಗಿಸೋದು ತಪ್ಪು. ಅದಕ್ಕೆ ಬದಲು ವ್ಯಾಯಾಮ ಮಾಡಿಸಬೇಕು ಅನ್ನೋದು ಎಲ್ಲಿಂದ ಬಂತು? ತಲೆ ನೋಯೋ ಹುಡುಗನಿಗೆ ಎದ್ದು ಓಡು ಅನ್ನೋದು ನನಗೇ ಕಷ್ಟ ಅನ್ಸುತ್ತೆ. ಮೂವತ್ತು ವರ್ಷ ಮಕ್ಕಳನ್ನ ಓಡಿಸಿದೋನು ನಾನು.

ಶಿಷ್ಯೆ: ಓಡು ಅಂತ ಯಾರೂ ಹೇಳ್ತಿಲ್ಲ. ಕೆನಡಾದ ಒಂಬತ್ತು ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ 5ರಿಂದ 18 ವರ್ಷದ 2,413 ಮಕ್ಕಳ ಲೆಕ್ಕ 2016ರಲ್ಲಿ ಹೊರಬಂತು. ಮೊದಲ ವಾರದಲ್ಲೇ ಒಂದಿಷ್ಟು ಮೈ ಆಡಿಸಿದ ಮಕ್ಕಳಲ್ಲಿ ತಿಂಗಳಾದರೂ ನರಳ್ತಿದ್ದವರು ನೂರಕ್ಕೆ ಸುಮಾರು 25. ಆಡಿಸದವರಲ್ಲಿ ಸುಮಾರು 44.

ಮೇಷ್ಟ್ರು: ತಡಿ ತಡಿ. ನಾನೇನು ಡಾಕ್ಟ್ರಲ್ಲ, ಆದ್ರೂ ಒಂದು ಕೇಳ್ತೀನಿ. ಕಡಿಮೆ ಏಟು ಬಿದ್ದ ಮಕ್ಕಳು ಬೇಗ ಎದ್ದು ಓಡಾಡ್ತವೆ. ಜೋರು ಏಟು ಬಿದ್ದವು ಮಲಗಿರ್ತವೆ. ಓಡಾಡಿದ್ದಕ್ಕೆ ವಾಸಿ ಆಯ್ತೋ, ವಾಸಿ ಆಗಿದ್ದಕ್ಕೆ ಓಡಾಡಿದ್ವೋ?

ಶಿಷ್ಯೆ: ಇದೇ ಪ್ರಶ್ನೆ ಆ ಸಂಶೋಧಕರಿಗೂ ಬಂದಿತ್ತು ಸಾರ್. ಒಂದೇ ಥರದ ಪೆಟ್ಟಿನ ಮಕ್ಕಳನ್ನ ಜೋಡಿ ಮಾಡಿ ಲೆಕ್ಕ ಹಾಕಿದರು. ವ್ಯತ್ಯಾಸ ಸ್ವಲ್ಪ ಕಿರಿದಾಯಿತು, ಅಳಿಸಿಹೋಗಲಿಲ್ಲ. ಆದರೂ ನಿಮ್ಮ ಅನುಮಾನಕ್ಕೆ ಪೂರ್ತಿ ಉತ್ತರ ಬೇಕಂದರೆ ಚೀಟಿ ಎತ್ತಿದ ಹಾಗೆ ಗುಂಪು ಮಾಡಬೇಕು. ಅದನ್ನ ಮಾಡಿದವರು ಬಫಲೋ ವಿಶ್ವವಿದ್ಯಾಲಯದ ಜಾನ್ ಲೆಡ್ಡಿ, ಬ್ಯಾರಿ ವಿಲ್ಲರ್ ಮತ್ತು ಅವರ ಜೊತೆಯವರು. ಆಟದಲ್ಲಿ ಪೆಟ್ಟು ತಿಂದ 13ರಿಂದ 18 ವರ್ಷದ 103 ಮಕ್ಕಳು, ಪೆಟ್ಟು ಬಿದ್ದು ಹತ್ತು ದಿನದೊಳಗೆ. ಅರ್ಧ ಮಕ್ಕಳಿಗೆ ದಿನಕ್ಕೆ 20 ನಿಮಿಷ ಹೃದಯದ ಬಡಿತ ಏರಿಸೋ ನಡಿಗೆಯೋ ಸೈಕಲ್ಲೋ. ಇನ್ನರ್ಧಕ್ಕೆ ಅಷ್ಟೇ ಹೊತ್ತು ಮೈ ಹಿಗ್ಗಿಸೋ ವ್ಯಾಯಾಮ, ಅದರಲ್ಲಿ ಬಡಿತ ಏರಲ್ಲ. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೊದಲ ಗುಂಪು ಚೇತರಿಸಿಕೊಂಡದ್ದು 13 ದಿನದಲ್ಲಿ, ಎರಡನೇದು 17 ದಿನದಲ್ಲಿ. ಇನ್ನೂ 118 ಮಕ್ಕಳ ಮೇಲೆ ಮಾಡಿದ್ದು 2021ರಲ್ಲಿ ಪ್ರಕಟವಾಯಿತು. ಅದರಲ್ಲಿ 14 ದಿನ, 19 ದಿನ. ನಾಲ್ಕು ವಾರ ದಾಟಿ ನರಳಿದವರೂ ಮೊದಲ ಗುಂಪಿನಲ್ಲಿ ಕಡಿಮೆ.

ಮೇಷ್ಟ್ರು: ನಾಲ್ಕೈದು ದಿನ. ಇಷ್ಟಕ್ಕೆ ಇಷ್ಟು ದೊಡ್ಡ ಮಾತಾ?

ಶಿಷ್ಯೆ: ಪರೀಕ್ಷೆ ಹತ್ತಿರ ಇರೋ ಮಗುವಿಗೆ ಐದು ದಿನ ಸಣ್ಣದಲ್ಲ. ಅದಕ್ಕಿಂತ ದೊಡ್ಡದು, ತಿಂಗಳು ದಾಟೋರ ಸಂಖ್ಯೆ ಇಳಿಯೋದು. ಬಹಳ ಮಕ್ಕಳು ನಾಲ್ಕು ವಾರದೊಳಗೆ ತಾವಾಗೇ ಸರಿ ಹೋಗ್ತಾರೆ. ಆ ಗಡಿ ದಾಟಿದವರಲ್ಲೇ ಓದು ಹಿಂದೆ ಬೀಳೋದು, ಶಾಲೆ ತಪ್ಪೋದು, ಸಿಡುಕು, ಭಯ. ಅವರ ಸಂಖ್ಯೆ ಕಡಿಮೆ ಮಾಡೋಕೆ ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಖರ್ಚಿಲ್ಲದ ನಡಿಗೆಯೊಂದು ಇದೆ. ಒಂದು ಎಚ್ಚರಿಕೆ ಹೇಳಿಬಿಡ್ತೀನಿ. ಈ ಗಟ್ಟಿ ಪುರಾವೆ ಹೈಸ್ಕೂಲು ವಯಸ್ಸಿನ ಮಕ್ಕಳದ್ದು. ಒಂದನೇ ಎರಡನೇ ಕ್ಲಾಸಿನ ಮಕ್ಕಳಲ್ಲಿ ಇಂಥ ಪರೀಕ್ಷೆ ಬಹಳ ಕಡಿಮೆ ನಡೆದಿವೆ. ಅವರಿಗೆ ಹಿತ್ತಲಲ್ಲಿ ತಮ್ಮಷ್ಟಕ್ಕೆ ಆಡಿಕೊಳ್ಳೋದೇ ವ್ಯಾಯಾಮ. ಬೀಳದ ಹಾಗೆ ನೋಡಿಕೊಂಡರೆ ಸಾಕು.

ಮೇಷ್ಟ್ರು: ನಡೆದರೆ ತಲೆಗೇನು ಲಾಭ? ಕಾಲಿಗೆ ಲಾಭ ಅಂದ್ರೆ ಒಪ್ತೀನಿ.

ಶಿಷ್ಯೆ: ಎದೆ ಬಡಿತ, ರಕ್ತದ ಒತ್ತಡ, ಮೆದುಳಿಗೆ ಎಷ್ಟು ರಕ್ತ ಹೋಗಬೇಕು ಅನ್ನೋದು, ಇವೆಲ್ಲ ನಾವು ಹೇಳದೇ ತಾನಾಗೇ ನಡೆಯೋ ಕೆಲಸ. ಕನ್ಕಷನ್ ಆದಾಗ ಆ ಹಿಡಿತ ತಪ್ಪುತ್ತೆ. ಅದಕ್ಕೇ ಮೆಟ್ಟಿಲು ಹತ್ತಿದರೆ ತಲೆ ಸಿಡಿಯೋದು, ಫಕ್ಕನೆ ಎದ್ದರೆ ಕಣ್ಣು ಕತ್ತಲೆ ಬರೋದು. ಅಳತೆಯಲ್ಲಿ ಬಡಿತ ಏರಿಸಿ ಇಳಿಸಿ, ಏರಿಸಿ ಇಳಿಸಿ ಮಾಡಿದರೆ ಆ ಹಿಡಿತ ಮತ್ತೆ ಕೂರುತ್ತೆ. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತೆ. ನಾನು ರೋಗಿಯಲ್ಲ ಅನ್ನೋ ಧೈರ್ಯ ಹುಡುಗನಿಗೆ ಬರುತ್ತೆ.

ಮೇಷ್ಟ್ರು: ಅಳತೆ ಅಂದ್ಯಲ್ಲ, ಅಲ್ಲೇ ಇರೋದು ಕಷ್ಟ. ಬಫಲೋದಲ್ಲಿ ಹೆಂಗೆ ಅಳೀತಾರೆ?

ಶಿಷ್ಯೆ: ಟ್ರೆಡ್‌ಮಿಲ್ ಮೇಲೆ ನಡೆಸ್ತಾರೆ. ನಿಮಿಷ ನಿಮಿಷಕ್ಕೂ ಏರು ಹೆಚ್ಚು ಮಾಡ್ತಾರೆ. ತಲೆನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂತ ಕೇಳ್ತಾ ಹೋಗ್ತಾರೆ. ಎದ್ದು ಕಾಣೋಷ್ಟು ಏರಿದ ತಕ್ಷಣ ನಿಲ್ಲಿಸಿ, ಆ ಹೊತ್ತಿನ ಎದೆ ಬಡಿತ ಬರಕೊಳ್ತಾರೆ. 150ಕ್ಕೆ ನೋವು ಎದ್ದಿತು ಅನ್ನಿ. ಅದರ ಶೇಕಡ 80, ಅಂದರೆ 120. ಆ ಬಡಿತದಲ್ಲಿ ದಿನಾ 20 ನಿಮಿಷ. ಕೆಲವು ದಿನ ಬಿಟ್ಟು ಮತ್ತೆ ಅಳೆದು ಮೇಲೇರಿಸ್ತಾರೆ.

ಮೇಷ್ಟ್ರು: ಕೌದಳ್ಳೀಲಿ ಟ್ರೆಡ್‌ಮಿಲ್ ಎಲ್ಲಿ ತರ್ಲಿ?

ಶಿಷ್ಯೆ: ಬೇಡವೇ ಬೇಡ. ಆಮ್‌ಸ್ಟರ್‌ಡ್ಯಾಮಿನಲ್ಲಿ 2022ರ ಅಕ್ಟೋಬರಿನಲ್ಲಿ ಲೋಕದ ಕ್ರೀಡಾ ವೈದ್ಯರೆಲ್ಲ ಸೇರಿದ್ದರು. 2023ರಲ್ಲಿ ಅವರ ಒಮ್ಮತದ ಹೇಳಿಕೆ ಬಂತು. ಯಂತ್ರ ಇಲ್ಲದವರಿಗೂ ಅದರಲ್ಲಿ ದಾರಿ ಇದೆ. ಮೊದಲ ಒಂದೆರಡು ದಿನ ಮಿತವಾದ ವಿಶ್ರಾಂತಿ. ಮಿತ ಅಂದರೆ ಹಾಸಿಗೆ ಹಿಡಿಯೋದಲ್ಲ. ಮನೆಯೊಳಗೆ ಓಡಾಡೋದು, ಜಗಲಿ ಮೇಲೆ ಕೂರೋದು, ಮಾತಾಡೋದು ಎಲ್ಲ ಆಗಬಹುದು. ಆಮೇಲೆ ನಡಿಗೆ. ನಡೆಯುವಾಗ ನೋವು ಹತ್ತರಲ್ಲಿ ಎರಡು ಅಂಕಕ್ಕಿಂತ ಹೆಚ್ಚು ಏರಬಾರದು. ಏರಿದ್ದು ಒಂದು ಗಂಟೆಯೊಳಗೆ ಇಳಿಯಬೇಕು. ಅಷ್ಟರೊಳಗಿದ್ದರೆ ಹೆದರಬೇಡಿ. ದಾಟಿದರೆ ಅವತ್ತಿಗೆ ನಿಲ್ಲಿಸಿ, ನಾಳೆ ಕಡಿಮೆ ಮಾಡಿ.

ಮೇಷ್ಟ್ರು: ಅಂದ್ರೆ ಸ್ವಲ್ಪ ನೋವು ಬಂದ್ರೂ ಪರವಾಗಿಲ್ವಾ? ಒಳಗೆ ಇನ್ನೇನೋ ಕೆಡ್ತಾ ಇದೆ ಅಂತ ಅಲ್ವಾ?

ಶಿಷ್ಯೆ: ಅಲ್ಲ. ಸ್ವಲ್ಪ ನೋವು ಅಂದರೆ ಗಡಿ ಹತ್ತಿರ ಬಂತು ಅನ್ನೋ ಸೂಚನೆ, ಅಷ್ಟೆ. ಇದೊಂದು ತಿಳುವಳಿಕೆ ಹುಡುಗನಿಗೂ ಮನೆಯವರಿಗೂ ಬಂದರೆ ಅರ್ಧ ಕೆಲಸ ಮುಗೀತು. ಈಗ ನಮ್ಮೂರಿನ ಲೆಕ್ಕ ಹಾಕೋಣ. ಬೆಳಿಗ್ಗೆ ಬಿಸಿಲು ಏರೋ ಮುಂಚೆ, ಮಟ್ಟಸವಾದ ಜಾಗ, ನಿಮ್ಮ ಮೈದಾನದ ಸುತ್ತಲೇ ಆಗಲಿ. ಮುಖ್ಯರಸ್ತೆ ಬೇಡ. ಬೆಟ್ಟದ ಬಸ್ಸುಗಳು, ಹಾರನ್ನು, ಹೊಗೆ, ತಲೆಸುತ್ತೋ ಹುಡುಗನಿಗೆ ಅಪಾಯ. ಜೊತೆಗೊಬ್ಬ ದೊಡ್ಡವನು ಇರಬೇಕು. ಮೊದಲು ಹತ್ತು ಹದಿನೈದು ನಿಮಿಷ, ಆಮೇಲೆ 20. ಹೊರಡೋ ಮುಂಚೆ ನೋವಿನ ಅಂಕ ಕೇಳಿ ಬರಕೊಳ್ಳಿ, ಮುಗಿದ ಮೇಲೆ ಇನ್ನೊಂದು ಸಲ, ಗಂಟೆ ಬಿಟ್ಟು ಮತ್ತೊಂದು ಸಲ.

ಮೇಷ್ಟ್ರು: ಬಡಿತ?

ಶಿಷ್ಯೆ: ಮಣಿಕಟ್ಟು ಹಿಡಿದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ನೀವೇ ನಮಗೆ ಕಲಿಸಿದ್ದಲ್ವಾ? ಕೊರೊನಾ ಕಾಲದ ಪಲ್ಸ್ ಆಕ್ಸಿಮೀಟರ್ ಆಶಾ ಅಕ್ಕನ ಹತ್ತಿರ ಇದ್ದರೆ ಬೆರಳಿಗೆ ಹಾಕಿದರೆ ಬಡಿತವನ್ನೂ ತೋರಿಸುತ್ತೆ. 220ರಲ್ಲಿ ವಯಸ್ಸು ಕಳೀರಿ. ಹದಿನಾಲ್ಕು ವರ್ಷದವನಿಗೆ 206. ಅದರ ಶೇಕಡ 55 ಅಂದರೆ ಸುಮಾರು 113, ಅಲ್ಲಿವರೆಗೆ ಹಗುರ ವ್ಯಾಯಾಮ. ಶೇಕಡ 70 ಅಂದರೆ ಸುಮಾರು 144, ಅಲ್ಲಿವರೆಗೆ ಮಧ್ಯಮ. ಮೊದಲು ಹಗುರ, ಅದು ತಡೆದರೆ ಮಧ್ಯಮ. ಎಣಿಸೋದೂ ಆಗಲ್ಲ ಅನ್ನೋರು ಉಸಿರು ನೋಡಲಿ. ನಡೀತಾ ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಉಸಿರು ಸಾಲಬಾರದು.

ಮೇಷ್ಟ್ರು: ಸೈಕಲ್ಲು?

ಶಿಷ್ಯೆ: ನಿಂತಲ್ಲೇ ತುಳಿಯೋ ಸೈಕಲ್ ಆದರೆ ಆಗಬಹುದು. ರಸ್ತೆ ಸೈಕಲ್ ಬೇಡ. ಮರ ಹತ್ತೋದು, ಬಾವಿಗೋ ಕೆರೆಗೋ ಧುಮುಕೋದು, ಗಾಡಿ ಹಿಂದೆ ಜೋತಾಡೋದು ಯಾವುದೂ ಬೇಡ. ಇನ್ನೊಂದು ಸಲ ತಲೆಗೆ ಪೆಟ್ಟು ಬೀಳೋ ಸಾಧ್ಯತೆ ಇರೋ ಕೆಲಸಕ್ಕೆಲ್ಲ ತಡೆ. ಎದೆ ಬಡಿತ ಏರಿಸೋದು ಮದ್ದು. ತಲೆ ಬಡಿಸಿಕೊಳ್ಳೋದು ವಿಷ. ಇವೆರಡನ್ನ ಬೇರೆ ಮಾಡಿ ನೋಡಿದರೆ ಗೊಂದಲ ಹೋಗುತ್ತೆ.

ಮೇಷ್ಟ್ರು: ನಡಿಗೆ ಶುರು ಮಾಡಿ ಎರಡು ವಾರ ಆದ್ರೂ ತಲೆಸುತ್ತು ನಿಲ್ಲದೇ ಹೋದ್ರೆ?

ಶಿಷ್ಯೆ: ಆಗ ಬೇರೆ ಎರಡು ಕಡೆ ಹುಡುಕಬೇಕು. ಒಂದು ಕುತ್ತಿಗೆ. ತಲೆ ನೆಲಕ್ಕೆ ಬಡಿದಾಗ ಕುತ್ತಿಗೆ ಸುಮ್ಮನಿರಲ್ಲ, ಅದೂ ಉಳುಕಿರುತ್ತೆ. ಎಷ್ಟೋ ತಲೆನೋವು ಅಲ್ಲಿಂದಲೇ ಏಳೋದು. ಇನ್ನೊಂದು ಕಿವಿಯೊಳಗಿನ ಸಮತೋಲದ ಅಂಗ. ಕಣ್ಣನ್ನ ಒಂದು ಅಕ್ಷರದ ಮೇಲೆ ನೆಟ್ಟು ತಲೆಯನ್ನ ಆಚೆ ಈಚೆ ತಿರುಗಿಸೋದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಗೆರೆ ಮೇಲೆ ನಡೆಯೋದು, ಇಂಥವನ್ನ ಹಂತಹಂತವಾಗಿ ಮಾಡಿಸ್ತೀವಿ. ಕೆನಡಾದ ಕ್ಯಾಲ್ಗರಿಯಲ್ಲಿ, ಬಿಡದ ತಲೆಸುತ್ತು, ಕುತ್ತಿಗೆ ನೋವು ಇದ್ದ 12ರಿಂದ 30 ವರ್ಷದ 31 ಜನರಿಗೆ ಇದನ್ನ ಪರೀಕ್ಷಿಸಿದರು. ಚಿಕಿತ್ಸೆ ಪಡೆದವರಲ್ಲಿ ಶೇಕಡ 73 ಜನ ಎಂಟು ವಾರದೊಳಗೆ ಮತ್ತೆ ಆಟಕ್ಕೆ ಅನುಮತಿ ಪಡೆದರು. ಪಡೆಯದವರಲ್ಲಿ ಶೇಕಡ 7. ಸಣ್ಣ ಗುಂಪು ನಿಜ, ವ್ಯತ್ಯಾಸ ಸಣ್ಣದಲ್ಲ. ಈ ವ್ಯಾಯಾಮ ನೀವು ನೋಡಿ ಕಲಿತು ಮಾಡಿಸಬೇಡಿ. ಫಿಸಿಯೋಥೆರಪಿಸ್ಟ್ ಪರೀಕ್ಷೆ ಮಾಡಿ ಹೇಳಿಕೊಟ್ಟ ಮೇಲೆ ಮನೆಯಲ್ಲಿ ಮಾಡಿಸಬಹುದು. ತಿಂಗಳಾದರೂ ಬಿಡದಿದ್ದರೆ ಕೊಳ್ಳೇಗಾಲ, ಚಾಮರಾಜನಗರ, ಮೈಸೂರು, ಕಡೆಗೆ ಬೆಂಗಳೂರಿನ ನಿಮ್ಹಾನ್ಸ್. ತೋರಿಸದೇ ಬಿಡಬೇಡಿ.

ಮೇಷ್ಟ್ರು: ಈಗ ನನ್ನ ಪ್ರಶ್ನೆಗೆ ಬಾ. ಹೋಬಳಿ ಆಟ.

ಶಿಷ್ಯೆ: ಆಟಕ್ಕೆ ಮುಂಚೆ ಪಾಠ ಸಾರ್. ಶಾಲೆಗೆ ಬರ್ತಿದ್ದಾನಾ?

ಮೇಷ್ಟ್ರು: ಮಲಗಿರೋನು ಶಾಲೆಗೆ ಹೆಂಗೆ ಬರ್ತಾನೆ?

ಶಿಷ್ಯೆ: ಬರಬೇಕು. ಮೊದಲು ಅರ್ಧ ದಿನ. ಮುಂದಿನ ಬೆಂಚು ಬೇಡ, ಗಲಾಟೆ ಕಡಿಮೆ ಇರೋ ಕಡೆ ಕೂರಿಸಿ. ಬೋರ್ಡಿಂದ ಬರಕೊಳ್ಳೋದು ಕಷ್ಟವಾದರೆ ಗೆಳೆಯನ ನೋಟ್ಸು. ತಲೆ ಭಾರವಾದರೆ ಸ್ಟಾಫ್ ರೂಮಿನಲ್ಲಿ ಹತ್ತು ನಿಮಿಷ ಸುಮ್ಮನೆ ಕೂರಲಿ. ಟೆಸ್ಟು ಮುಂದಕ್ಕೆ ಹಾಕಿ. ಹೊರಗೆ ಗಾಯ ಕಾಣಲ್ಲ ನೋಡಿ, ಅದಕ್ಕೇ ಉಳಿದ ಮೇಷ್ಟ್ರುಗಳು ಸೋಮಾರಿ ಅಂತಾರೆ. ಅವರಿಗೆ ನೀವೇ ಹೇಳಬೇಕು. ಪೂರ್ತಿ ದಿನ ಕ್ಲಾಸಿನಲ್ಲಿ ತೊಂದರೆ ಇಲ್ಲದೇ ಕೂತಮೇಲೆ ಅಂಕಣದ ಮಾತು. ಅದೂ ಮೆಟ್ಟಿಲು ಮೆಟ್ಟಿಲಾಗಿ. ನಡಿಗೆ, ನಿಧಾನ ಓಟ, ಆಮೇಲೆ ಒಬ್ಬನೇ ಕಾಲಿನ ಚಲನೆ ಅಭ್ಯಾಸ, ಆಮೇಲೆ ಟೀಮಿನ ಜೊತೆ, ಆದರೆ ಹಿಡಿತ, ಡ್ಯಾಶು ಇಲ್ಲದ ಪ್ರಾಕ್ಟೀಸು. ಒಂದೊಂದು ಮೆಟ್ಟಿಲಿಗೂ ಕಡಿಮೆ ಅಂದರೆ ಒಂದು ದಿನ. ಹಿಡಿತದ ಆಟಕ್ಕೆ ಇಳಿಯೋ ಮುಂಚೆ ಡಾಕ್ಟರ ಚೀಟಿ. ಕಡೆಗೆ ಪಂದ್ಯ.

ಮೇಷ್ಟ್ರು: ಅಲ್ಲಿಗೆ ಹೋಬಳಿ ಆಟ ಮುಗಿದೇ ಹೋಗುತ್ತೆ. ನಮ್ಮ ಟೀಮಿಗೆ ಅವನೊಬ್ಬನೇ ರೈಡರ್ರು. ತಾಲ್ಲೂಕು ಮಟ್ಟಕ್ಕೆ ಹೋದ್ರೆ ಸರ್ಟಿಫಿಕೇಟು ಸಿಗುತ್ತೆ, ಮುಂದಕ್ಕೆ ಅನುಕೂಲ. ಅವನೂ ಆಡ್ತೀನಿ ಅಂತ ಹಟ ಹಿಡಿದವ್ನೆ. ನೋವಿಲ್ಲ ಅಂತಾನೆ.

ಶಿಷ್ಯೆ: ನಿಮ್ಮ ಹತ್ತಿರ ನೋವಿಲ್ಲ ಅಂತಾನೆ, ಅಜ್ಜಿ ಹತ್ತಿರ ನೋವು ಅಂತಾನೆ. ಯಾವುದನ್ನ ನಂಬ್ತೀರಿ? ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಝಾಕರಿ ಲಿಸ್ಟೆಡ್ ಅಂತ ಹದಿಮೂರು ವರ್ಷದ ಹುಡುಗ. 2006ರಲ್ಲಿ ಶಾಲೆಯ ಅಮೆರಿಕನ್ ಫುಟ್ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿತ್ತು. ಸ್ವಲ್ಪ ಹೊತ್ತು ಕೂತಿದ್ದು ಅದೇ ಪಂದ್ಯಕ್ಕೆ ಮತ್ತೆ ಇಳಿದ. ಪಂದ್ಯ ಮುಗಿದಮೇಲೆ ಕುಸಿದು ಬಿದ್ದ, ಮೆದುಳಿನಲ್ಲಿ ರಕ್ತಸ್ರಾವ. ಜೀವ ಉಳೀತು, ಹಳೆಯ ಮೈ ಉಳೀಲಿಲ್ಲ. ಅವನ ಹೆಸರಿನಲ್ಲೇ 2009ರಲ್ಲಿ ಅಲ್ಲಿ ಕಾನೂನು ಬಂತು. ಕನ್ಕಷನ್ ಅನುಮಾನ ಬಂದ ಮಗುವನ್ನ ಆ ದಿನ ಆಡಿಸಬಾರದು, ವೈದ್ಯರ ಒಪ್ಪಿಗೆ ಇಲ್ಲದೇ ಮತ್ತೆ ಇಳಿಸಬಾರದು. 2014ರ ಹೊತ್ತಿಗೆ ಆ ದೇಶದ 50 ರಾಜ್ಯಗಳಲ್ಲೂ ಅಂಥ ಕಾನೂನು ಬಂದಿತ್ತು. ಮಕ್ಕಳ ಮೆದುಳು ಒಂದು ಪೆಟ್ಟಿನಿಂದ ಸುಧಾರಿಸಿಕೊಳ್ಳೋ ಮುಂಚೆ ಇನ್ನೊಂದು ಬಿದ್ದರೆ ಅಪರೂಪಕ್ಕೆ ಊದಿಕೊಂಡು ಪ್ರಾಣಕ್ಕೇ ಬರುತ್ತೆ.

ಮೇಷ್ಟ್ರು: ಅಮೆರಿಕದ ಮಾತು ಹುಡುಗನ ಕಿವಿಗೆ ಹೋಗಲ್ಲ. ಕ್ರಿಕೆಟ್ಟಿನದು ಹೇಳು, ಹೋಗುತ್ತೆ.

ಶಿಷ್ಯೆ: ರಿಷಭ್ ಪಂತ್ ಹೆಸರು ಹೇಳಿ. 2020ರ ಜನವರಿ 14, ಮುಂಬೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ. ಪ್ಯಾಟ್ ಕಮಿನ್ಸ್ ಎಸೆದ ಚೆಂಡು ಬ್ಯಾಟಿಗೆ ತಾಗಿ ಹೆಲ್ಮೆಟ್ಟಿಗೆ ಬಡೀತು. ಕನ್ಕಷನ್ ಅಂತ ಗುರುತಿಸಿ ಮತ್ತೆ ಮೈದಾನಕ್ಕೆ ಇಳಿಸಲಿಲ್ಲ. ಅವತ್ತು ಗ್ಲೌಸ್ ಹಾಕಿಕೊಂಡವನು ನಮ್ಮ ಕೆ.ಎಲ್. ರಾಹುಲ್. ಪಂತ್ ಮುಂದಿನ ಪಂದ್ಯ ಬಿಟ್ಟು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗೆ ಬಂದು ಪುನಶ್ಚೇತನದ ಕ್ರಮಕ್ಕೆ ಒಳಪಟ್ಟ. ದೇಶದ ತಂಡದಲ್ಲಿ ಜಾಗ ಹೋದೀತು ಅನ್ನೋ ಭಯ ಅವನಿಗಿರಲಿಲ್ವಾ? ಆದರೂ ಕೂರಿಸಿದರು. ಟೆಸ್ಟ್ ಕ್ರಿಕೆಟ್ಟಿನಲ್ಲಿ 2019ರ ಆಗಸ್ಟ್ ಒಂದರಿಂದ ಕನ್ಕಷನ್ ಆದವನ ಬದಲಿಗೆ ಪೂರ್ತಿ ಆಡೋ ಬದಲಿ ಆಟಗಾರ ಇಳೀಬಹುದು ಅಂತ ನಿಯಮವೇ ಇದೆ. ಬದಲಿ ಇದ್ದರೆ ಸುಳ್ಳು ಹೇಳೋ ಒತ್ತಡ ಕಡಿಮೆ. ನೀವೂ ಇನ್ನೊಬ್ಬ ರೈಡರನ್ನ ತಯಾರು ಮಾಡಿ.

ಮೇಷ್ಟ್ರು: ಮಾಡಿಸ್ತೀನಿ ಬಿಡು. ಹುಡುಗೀರ ಖೋ-ಖೋ ಟೀಮಿನ ವಿಷಯ ಬೇರೆ ಥರ. ಅವರಿಗೆ ಬಿದ್ದು ಏಟಾದ್ರೆ ಮನೇಲಿ ಹೇಳೋದೇ ಇಲ್ಲ. ಹೇಳಿದ್ರೆ ಆಟಾನೂ ಬಿಡಿಸ್ತಾರೆ, ಶಾಲೇನೂ ಬಿಡಿಸ್ತಾರೆ ಅನ್ನೋ ಭಯ.

ಶಿಷ್ಯೆ: ನಾನೂ ಆ ಟೀಮಿನಲ್ಲಿದ್ದವಳು, ಗೊತ್ತು. ಹುಡುಗಿಯರಲ್ಲಿ ಕನ್ಕಷನ್ ಲಕ್ಷಣಗಳು ಹೆಚ್ಚು ದಿನ ಉಳಿಯೋದು ಎಷ್ಟೋ ಅಧ್ಯಯನಗಳಲ್ಲಿ ಕಂಡುಬಂದಿದೆ. ಅಂದಮೇಲೆ ಅವರಿಗೇ ಹೆಚ್ಚು ಗಮನ ಬೇಕು. ತಲೆಸುತ್ತು ಅಂದರೆ ಊಟ ಮಾಡಿಲ್ಲ, ರಕ್ತ ಕಡಿಮೆ ಅಂತ ತಳ್ಳಿಹಾಕಬೇಡಿ. ಬಿದ್ದಿದ್ದೆಯಾ ಅಂತ ಕೇಳಿ. ಮನೆಯವರಿಗೆ, ಮಗಳು ಇಂತಿಷ್ಟು ದಿನದಲ್ಲಿ ಶಾಲೆಗೂ ಆಟಕ್ಕೂ ವಾಪಸ್ ಬರ್ತಾಳೆ, ಇದು ದಾರಿ ಅಂತ ಹೇಳಿದರೆ ಬಿಡಿಸೋಕೆ ನೆಪ ಸಿಗಲ್ಲ.

ಮೇಷ್ಟ್ರು: ಮೈದಾನಕ್ಕಿಂತ ರಸ್ತೇಲಿ ಬೀಳೋ ಮಕ್ಕಳೇ ಜಾಸ್ತಿ ಕಣವ್ವ. ಎಕ್ಸೆಲ್ ಮೊಪೆಡ್ಡಲ್ಲಿ ಮುಂದೊಂದು ಹಿಂದೆರಡು ಮಕ್ಕಳನ್ನ ಕೂರಿಸ್ಕೊಂಡು ಬರ್ತಾರೆ. ಅಪ್ಪನ ತಲೆಗೇ ಹೆಲ್ಮೆಟ್ಟಿಲ್ಲ, ಮಕ್ಕಳಿಗೆಲ್ಲಿ?

ಶಿಷ್ಯೆ: 2019ರ ತಿದ್ದುಪಡಿಯ ಪ್ರಕಾರ ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೂ ಹೆಲ್ಮೆಟ್, ಸವಾರನಿಗೆ ಕಟ್ಟೋ ಸೇಫ್ಟಿ ಬೆಲ್ಟ್, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ ಅಂತ 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಹೊರಡಿಸಿದೆ. ಹೆಲ್ಮೆಟ್ ತಲೆಬುರುಡೆ ಉಳಿಸುತ್ತೆ, ಪ್ರಾಣ ಉಳಿಸುತ್ತೆ. ಕನ್ಕಷನ್ ಪೂರ್ತಿ ತಪ್ಪಿಸಲ್ಲ. ಹಾಗಾಗಿ ಹೆಲ್ಮೆಟ್ಟೂ ಬೇಕು, ಆಮೇಲಿನ ಆರೈಕೆಯೂ ಬೇಕು.

ಮೇಷ್ಟ್ರು: ಅಜ್ಜಿಗೆ ಏನು ಹೇಳ್ಲಿ? ಮೊಮ್ಮಗ ಎದ್ದರೆ ತಾಳಬೆಟ್ಟದಿಂದ ಬೆಟ್ಟದ ಮೇಲಕ್ಕೆ ನಡೆಸಿಕೊಂಡೇ ಬರ್ತೀನಿ ಅಂತ ಮಲೆ ಮಾದಪ್ಪನಿಗೆ ಹರಕೆ ಹೊತ್ತವ್ಳೆ.

ಶಿಷ್ಯೆ: ಹರಕೆ ಬಿಡಿ ಅನ್ನಬೇಡಿ. ಎಣ್ಣೆ ಬೇಡ ಅಂತಲೂ ಅನ್ನಬೇಡಿ, ಅದರಿಂದ ಕೆಡುಕೇನಿಲ್ಲ. ಕಂಬಳಿ ತೆಗೆಸಿ, ಮೊಬೈಲ್ ತೆಗೆಸಿ. ಹರಕೆ ತೀರಿಸೋಕೆ ಕಾಲಿಗೆ ಕಸುವು ಬೇಕಲ್ಲಜ್ಜಿ, ಬೆಳಿಗ್ಗೆ ಬೆಳಿಗ್ಗೆ ಸ್ವಲ್ಪ ಸ್ವಲ್ಪ ನಡೆಸೋಣ, ನೀವೂ ಜೊತೆಗೆ ಬನ್ನಿ ಅನ್ನಿ. ಬೆಟ್ಟ ಈಗ ಬೇಡ. ಕಡಿದಾದ ಏರು, ಕಲ್ಲುದಾರಿ, ಬಿಸಿಲು, ಜನಜಂಗುಳಿ. ಅವನು ಅಂಕಣಕ್ಕೆ ಇಳಿಯೋ ಹಂತ ಬಂದಾಗ ಬೆಟ್ಟವನ್ನೂ ಹತ್ತಬಹುದು. ಮಾದಪ್ಪ ಅಷ್ಟು ದಿನ ಕಾಯ್ತಾನೆ.

ಮೇಷ್ಟ್ರು: ಎಲ್ಲಾ ಸರಿ. ಆದರೆ ಡಾಕ್ಟ್ರು, ಫಿಸಿಯೋ, ನಿಮ್ಹಾನ್ಸು ಅಂತೀಯಲ್ಲ, ಅವರೆಲ್ಲ ಇಲ್ಲಿಂದ ದೂರ. ಕೂಲಿ ಬಿಟ್ಟು, ಬಸ್ಸಿಗೆ ಕಾಸು ಹಾಕಿ ಎಷ್ಟು ಸಲ ಹೋಗ್ತಾರೆ? ಇಲ್ಲಿ ದಿನಾ ನೋಡೋರು ಯಾರು?

ಶಿಷ್ಯೆ: ನೀವು.

ಮೇಷ್ಟ್ರು: ನಾನಾ?

ಶಿಷ್ಯೆ: ಈ ಚಿಕಿತ್ಸೆಗೆ ಬೇಕಾದ್ದು ಏನು ಅಂತ ಯೋಚಿಸಿ. ಮೈದಾನ, ಗಡಿಯಾರ, ನಾಡಿ ಎಣಿಸೋ ಬೆರಳು, ಒಂದು ನೋಟ್ ಪುಸ್ತಕ, ಮಗುವನ್ನ ದಿನಾ ನೋಡೋ ಕಣ್ಣು. ಹುಡುಗ ಮೊದಲು ಹೇಗಿದ್ದ, ಈಗ ಹೇಗಿದ್ದಾನೆ ಅನ್ನೋದು ಮೈಸೂರಿನ ಯಾವ ಡಾಕ್ಟರಿಗೂ ನಿಮ್ಮಷ್ಟು ಗೊತ್ತಿರಲ್ಲ. ರೋಗ ಗುರುತಿಸೋದು, ಆಟಕ್ಕೆ ಒಪ್ಪಿಗೆ ಕೊಡೋದು ಡಾಕ್ಟರ ಕೆಲಸ, ಅದಕ್ಕೆ ನೀವು ಕೈಹಾಕಬೇಡಿ. ಆ ಎರಡು ಭೇಟಿಗಳ ನಡುವಿನ ಇಷ್ಟೂ ದಿನ ನಿಮ್ಮದು. ದೈಹಿಕ ಶಿಕ್ಷಕರ ತರಬೇತಿಯಲ್ಲಿ ಇದೊಂದು ಪಾಠ ಸೇರಿದರೆ ಪ್ರತಿ ಹೈಸ್ಕೂಲಿನಲ್ಲೂ ಒಬ್ಬ ಪುನಶ್ಚೇತನದ ಸಹಾಯಕ ಸಿಕ್ಕ ಹಾಗೆ. ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ.

ಮೇಷ್ಟ್ರು: ಹಂಗಾದ್ರೆ ಸ್ಟಾಫ್ ರೂಮಿನ ಗೋಡೆಗೆ ಹಚ್ಚೋ ಹಾಗೆ ನಾಲ್ಕು ಸಾಲು ಹೇಳು, ಬರಕೊಳ್ತೀನಿ.

ಶಿಷ್ಯೆ: ಬರ್ಕೊಳ್ಳಿ. ತಲೆಗೆ ಪೆಟ್ಟು ಬಿದ್ದು ಅನುಮಾನ ಬಂದರೆ ಅವತ್ತು ಆಟ ಇಲ್ಲ, ಮಗು ಎಷ್ಟೇ ಹಟ ಮಾಡಲಿ. ವಾಂತಿ, ಫಿಟ್ಸ್, ಮಂಪರು, ಏರೋ ತಲೆನೋವು ಕಂಡರೆ ಕಾಯದೇ ಆಸ್ಪತ್ರೆ. ಒಂದೆರಡು ದಿನ ಮಿತವಾದ ವಿಶ್ರಾಂತಿ, ಎರಡು ದಿನ ಮೊಬೈಲ್ ಇಲ್ಲ. ಆಮೇಲೆ ದಿನಾ ನಡಿಗೆ, ನೋವಿನ ಅಂಕ ಎರಡಕ್ಕಿಂತ ಹೆಚ್ಚು ಏರದ ಹಾಗೆ. ಜೊತೆಯಲ್ಲೇ ಶಾಲೆ, ಮೆಲ್ಲಮೆಲ್ಲಗೆ. ಪೂರ್ತಿ ಪಾಠಕ್ಕೆ ಮರಳಿ, ಡಾಕ್ಟರ ಚೀಟಿ ಬಂದ ಮೇಲೆ ಮಾತ್ರ ಹಿಡಿತದ ಆಟ.

ಮೇಷ್ಟ್ರು: ಇಷ್ಟೇನಾ?

ಶಿಷ್ಯೆ: ಇಷ್ಟೇ ಸಾರ್. ಹೋಬಳಿ ಆಟ ಮುಂದಿನ ವರ್ಷವೂ ಬರುತ್ತೆ. ಮಕ್ಕಳನ್ನ ಓಡಿಸೋಕೆ ಕಲಿತ ಮೇಷ್ಟ್ರುಗಳು ನಿಲ್ಲಿಸೋಕೂ, ನಡೆಸೋಕೂ ಕಲಿತರೆ ಈ ಸೀಮೆಯ ಬಹಳಷ್ಟು ಮಕ್ಕಳು ತಿಂಗಳುಗಟ್ಟಲೆ ಕತ್ತಲೆ ಕೋಣೆಯಲ್ಲಿ ಕೊಳೆಯೋದು ತಪ್ಪುತ್ತೆ.